ಮರಳಿನಲ್ಲಿ ಬ್ರೇಕ್ ಹಿಡಿಯಬಾರದು

ಕೊರೋನಾ ವರ್ಷ ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಬಡಾವಣೆಯಲ್ಲಿ ಮನೆಗೊಂದು ಹುಚ್ಚು ಹಿಡಿಯಿತು. ಪಕ್ಕದ ಮನೆಯವರು ಬ್ರೆಡ್ ಸುಟ್ಟು ಬೀದಿಗೆಲ್ಲ ಹಂಚಿದರು; ಅದನ್ನು ಮುರಿಯಲು ಒರಳುಕಲ್ಲು ಬೇಕಿತ್ತು. ಎದುರು ಮನೆಯ ಅಂಕಲ್ ಅರವತ್ತು ದಾಟಿದ ಮೇಲೆ ಕೊಳಲು ಕಲಿಯಲು ಕೂತರು. ಮೂಲೆಮನೆಯ ದಂಪತಿ ಕೋಳಿ ಸಾಕಿ, ಅವಕ್ಕೆ ಸ್ವೆಟರ್ ಹೆಣೆದರು. ನನ್ನ ಗಂಡ ಮಾತ್ರ ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತು ಕೆಲಸ ಮಾಡುತ್ತಿದ್ದರು. ಎಂಥ ಗಟ್ಟಿ ಮನುಷ್ಯ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಮರುವರ್ಷ ವಸಂತದಲ್ಲಿ, ಊರವರ ಹುಚ್ಚೆಲ್ಲ ಇಳಿದ ಮೇಲೆ, ಅವರು ಡರ್ಟ್ ಬೈಕ್ ತಂದರು.

ಡರ್ಟ್ ಬೈಕ್ ಎಂದರೆ ಕಾಡು ಗುಡ್ಡಗಳಲ್ಲಿ ಮಾತ್ರ ಓಡಿಸುವ ಮೋಟರ್‌ಸೈಕಲ್. ಹೆಡ್‌ಲೈಟ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಹತ್ತಿ ಕೂತರೆ ಕಾಲು ನೆಲಕ್ಕೆ ಎಟಕುವುದೂ ಇಲ್ಲ. ಇದನ್ನು ತಂದವರು ಯಾರು ಎಂದು ತಿಳಿದರೆ ಮಾತ್ರ ಇದರ ರುಚಿ ಗೊತ್ತಾಗುವುದು. ನನ್ನ ಗಂಡ ಹೈವೇಯಲ್ಲಿ ನಿಧಾನದವರಿಗೆಂದಿರುವ ಬಲಗಡೆಯ ಲೇನ್ ಬಿಟ್ಟು ಕದಲಿದವರಲ್ಲ. ಬೋರ್ಡಿನಲ್ಲಿ ಬರೆದ ವೇಗಕ್ಕಿಂತ ಸ್ವಲ್ಪ ಕಡಿಮೆಯೇ ಹೋಗುತ್ತಾರೆ. ನಮ್ಮದು ವರ್ಕ್ ವೀಸಾ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿರುವಾಗಲೇ ಮಗಳು ಹುಟ್ಟಿ ಮಿಡಲ್ ಸ್ಕೂಲಿಗೆ ಬಂದಾಗಿತ್ತು. ಒಂದು ಸ್ಪೀಡಿಂಗ್ ಟಿಕೆಟ್ ಬಿದ್ದರೆ ಅದು ನೇರವಾಗಿ ವಾಷಿಂಗ್ಟನ್ನಿನ ಯಾವುದೋ ಮೇಜಿನ ಮೇಲೆ ಹೋಗಿ ಕೂರುತ್ತದೆ, ಅಲ್ಲಿ ಯಾರೋ ಕನ್ನಡಕ ಏರಿಸಿ ತಲೆಯಾಡಿಸುತ್ತಾರೆ ಎಂಬುದು ಅವರ ದೃಢ ನಂಬಿಕೆ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗಲೂ ಟೂ ವೀಲರ್ ಅಪಾಯ ಎಂದು ಸಿಟಿ ಬಸ್ಸು ಹತ್ತಿದವರು. ಮದುವೆ ನಿಶ್ಚಯವಾದ ಮೇಲೆ ನನ್ನ ಸ್ಕೂಟರಿನ ಹಿಂದೆ ಕೂತು, ಇಡೀ ರಿಂಗ್ ರೋಡಿನಲ್ಲಿ ಉಸಿರೇ ಬಿಡಲಿಲ್ಲ.

"ಏನ್ರೀ ಇದು?" ಎಂದೆ.

"ಜೀವನದಲ್ಲಿ ಒಂದಾದ್ರೂ ಅಡ್ವೆಂಚರ್ ಬೇಡ್ವಾ?" ಎಂದರು.

ಇದರ ಹಿಂದೆ ಅವರ ಆಫೀಸಿನ ಗೆಳೆಯ, ದಾವಣಗೆರೆಯವನು, ಇದ್ದ. ಅವನೂ ಒಂದು ಬೈಕ್ ಕೊಂಡಿದ್ದ. ಇಬ್ಬರೂ ಯೂಟ್ಯೂಬ್ ನೋಡಿ ನೋಡಿ, ಬೈಕ್ ಮುಟ್ಟುವ ಮೊದಲೇ ಗುರುಗಳಾಗಿದ್ದರು. ಅರಿಜೋನಾದ ಮರುಭೂಮಿ ಬೆಟ್ಟಗಳಲ್ಲಿ ಪೈನ್ ಕಾಡಿನ ನಡುವೆ ಹಾರುವುದು ಅವರ ಗುರಿ. ಅದಕ್ಕೆ ಮುನ್ನ ನಮ್ಮ ಡ್ರೈವ್‌ವೇಯಲ್ಲಿ ಅಭ್ಯಾಸ. ಎದೆಗೆ, ಮೊಣಕೈಗೆ, ಮಂಡಿಗೆ ಕವಚ ಕಟ್ಟಿ, ಕುರುಕ್ಷೇತ್ರಕ್ಕೆ ಹೊರಟವರಂತೆ ಸಜ್ಜಾಗಿ, ಗ್ಯಾರೇಜಿನಿಂದ ಅಂಚೆಡಬ್ಬಿಯವರೆಗೆ ಹೋಗಿ ಬರುತ್ತಿದ್ದರು. ಎರಡನೇ ದಿನವೇ ಬಡಾವಣೆಯ ಅಸೋಸಿಯೇಷನ್ನಿನ ಹೆಂಗಸು ಬಂದು, ನಿಮಗೊಂದು ಹವ್ಯಾಸ ಸಿಕ್ಕಿದ್ದಕ್ಕೆ ನಮಗೆಲ್ಲ ಎಷ್ಟು ಸಂತೋಷವಾಗಿದೆ ಗೊತ್ತೇ ಎಂದು ನಗುತ್ತ ಹೇಳಿದಳು. ಈ ದೇಶದಲ್ಲಿ ಇಷ್ಟು ಸಿಹಿಯಾಗಿ ಮಾತಾಡಿದರೆ ಮುಂದಿನ ಹೆಜ್ಜೆ ವಕೀಲರದು. ಬೈಕ್ ಕಾಡಿಗೆ ಹೊರಟಿತು.

ಕ್ಯಾರಿಯಿಂದ ದಕ್ಷಿಣಕ್ಕೆ ಹೋದರೆ ಸ್ಯಾಂಡ್‌ಹಿಲ್ಸ್ ಎಂಬ ಸೀಮೆ ಸಿಗುತ್ತದೆ. ಹಿಂದೆ ಯಾವುದೋ ಯುಗದಲ್ಲಿ ಸಮುದ್ರ ಬಿಟ್ಟುಹೋದ ಮರಳಿನ ಗುಡ್ಡಗಳು, ಅವುಗಳ ಮೇಲೆ ಆಕಾಶದೆತ್ತರ ಪೈನ್ ಮರಗಳು, ಬುಡದಲ್ಲಿ ಪಾಪಾಸುಕಳ್ಳಿ. ಅರಿಜೋನಾಕ್ಕೆ ವಿಮಾನ ಹತ್ತುವ ಗೊಡವೆಯಿಲ್ಲದೆ ಮರಳುಗಾಡು, ಕಾಡು, ಗುಡ್ಡ ಮೂರೂ ಒಂದೇ ಟಿಕೆಟ್ಟಿಗೆ. ಅಲ್ಲೊಬ್ಬ ಬಿಳಿಗಡ್ಡದ ಮುದುಕ ತನ್ನ ಜಮೀನಿನಲ್ಲಿ ದಾರಿಗಳನ್ನು ಕಡಿದು ಬೈಕಿನವರಿಗೆ ಬಿಟ್ಟಿದ್ದ. ಮಿನಿವ್ಯಾನಿನ ಸೀಟು ಕಿತ್ತು, ಡ್ಯಾಶ್‌ಬೋರ್ಡಿನ ಗಣಪತಿಯ ಬೆನ್ನಿಗೆ ಬೈಕಿನ ಮುಂದಿನ ಚಕ್ರ ತಾಗುವಂತೆ ಅದನ್ನು ತುರುಕಿ ಹೋದೆವು. ಮಗಳು ಚಕ್ರದ ಪಕ್ಕ ಮುದುಡಿ ಕೂತು, ಪೆಟ್ರೋಲ್ ವಾಸನೆಗೆ ಮೂಗು ಮುಚ್ಚಿಕೊಂಡು, "ಅಮ್ಮಾ, ದಿಸ್ ಈಸ್ ಸೋ ನಾಟ್ ಲೀಗಲ್," ಎಂದಳು. ವಿಚಿತ್ರವೆಂದರೆ ಅಪ್ಪನಿಗೆ ಅದು ಕೇಳಿಸಲಿಲ್ಲ.

ಗೇಟಿನಲ್ಲಿ, ಸತ್ತರೆ ನಾನೇ ಹೊಣೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮೊಸರಿನ ಡಬ್ಬಿಯ ಮೇಲಿನ ಅಕ್ಷರಗಳನ್ನೂ ಬಿಡದೆ ಓದುವ ಮನುಷ್ಯ ಇದನ್ನು ಓದದೆ ಸಹಿ ಹಾಕಿದರು.

ಮುದುಕ ಹೇಳಿದ್ದು ಒಂದೇ ಮಾತು: ಮರಳಿನಲ್ಲಿ ಬ್ರೇಕ್ ಹಿಡಿಯಬೇಡಿ. ಹೆದರಿಕೆಯಾದರೆ ಇನ್ನಷ್ಟು ರೇಸ್ ಕೊಡಿ. ನಿಧಾನ ಮಾಡಿದರೆ ಮುಂದಿನ ಚಕ್ರ ಹೂತುಹೋಗುತ್ತದೆ. ಇವರು ಸಭೆಯಲ್ಲಿ ಆಡಿಸುವ ಹಾಗೆ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಬೈಕ್ ಹತ್ತಿ, ಮರಳು ಸಿಕ್ಕಿದ ಕೂಡಲೇ ಬ್ರೇಕ್ ಹಿಡಿದು, ಹ್ಯಾಂಡಲ್ಲಿನ ಮೇಲಿಂದ ಮರಳಿಗೆ ಸಾಷ್ಟಾಂಗ ನಮಸ್ಕಾರ ಮಾಡಿದರು. ಎದ್ದರು. ಮತ್ತೆ ಹೋದರು. ಮತ್ತೆ ನಮಸ್ಕಾರ. ಅವರ ತಲೆಗೆ ಮುದುಕನ ಮಾತು ಅರ್ಥವಾಗಿತ್ತು. ಬಲಗೈಗೆ ಮಾತ್ರ ಬೇರೆ ಸಂಸ್ಕಾರ. ದಾವಣಗೆರೆಯವನು, "ಗುರೂ, ಸೂಪರ್, ಕಂಟ್ರೋಲ್ ಬರ್ತಾ ಇದೆ," ಎನ್ನುತ್ತ ತಾನೂ ಪಕ್ಕದಲ್ಲೇ ಬೀಳುತ್ತಿದ್ದ.

ಹೀಗೆ ಕೆಲವು ಭಾನುವಾರ ನಡೆಯಿತು. ನಾನು ಪಿಕ್ನಿಕ್ ಟೇಬಲ್ಲಿನಲ್ಲಿ ಕೂತು ಚಪಾತಿ ಸುರುಳಿ ಕಾಯುತ್ತಿದ್ದೆ. ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರ ತಪ್ಪನ್ನು ದೂರದಿಂದ ನೋಡಿ ಹೇಳಲು ನನಗೆ ಸಂಬಳ ಕೊಡುತ್ತಾರೆ. ಇಲ್ಲಿ ಪುಕ್ಕಟೆ ಮಾಡಿದೆ. ಕ್ಲಚ್ ಯಾವಾಗ ಬಿಡಬೇಕಿತ್ತು, ಮೈಭಾರ ಎಲ್ಲಿರಬೇಕಿತ್ತು, ಎಲ್ಲ ನನಗೆ ಬಾಯಿಪಾಠವಾಯಿತು.

ಜೂನ್ ತಿಂಗಳ ಒಂದು ಬೆಳಗ್ಗೆ ದಾವಣಗೆರೆಯವನು ಕಾಡಿನೊಳಗಿಂದ ಒಬ್ಬನೇ ವಾಪಸು ಬಂದ. ಹೆಲ್ಮೆಟ್ ತೆಗೆದು, "ಅತ್ತಿಗೆ, ಗಾಬರಿ ಆಗ್ಬೇಡಿ," ಎಂದ. ಕನ್ನಡದಲ್ಲಿ ಇದಕ್ಕಿಂತ ಗಾಬರಿ ಹುಟ್ಟಿಸುವ ವಾಕ್ಯ ಇನ್ನೂ ಹುಟ್ಟಿಲ್ಲ.

ಮುದುಕ ತನ್ನ ತೆರೆದ ಮೋಟಾರು ಬಂಡಿಯಲ್ಲಿ ನನ್ನನ್ನು ಕೂರಿಸಿಕೊಂಡು ಒಳಗೆ ಹೋದ. ದಾರಿಯುದ್ದಕ್ಕೂ ಇವರಿಗೆ ಅನ್ನಬೇಕಾದ ಮಾತುಗಳನ್ನು ಜೋಡಿಸಿಕೊಂಡೆ, ಒಳ್ಳೊಳ್ಳೆಯವೇ ಸಿಕ್ಕವು. ಒಂದು ಇಳಿಜಾರಿನ ಬುಡದಲ್ಲಿ ಪೈನ್ ಮರಕ್ಕೆ ಒರಗಿ ಕೂತಿದ್ದರು. ಮುಖ ವಿಭೂತಿಯ ಬಣ್ಣವಾಗಿತ್ತು, ಎಡ ಭುಜ ಇರಬೇಕಾದ ಕಡೆ ಇರಲಿಲ್ಲ. ನನ್ನನ್ನು ನೋಡಿ, "ಬೈಕಿಗೇನೂ ಆಗಿಲ್ಲ ಕಣೇ," ಎಂದರು. ಅವರ ರೆಪ್ಪೆಯ ಮೇಲಿನ ಮರಳನ್ನು ಸೆರಗಿಲ್ಲದ ಕಾರಣ ಟೀ ಶರ್ಟಿನ ತುದಿಯಿಂದ ಒರೆಸಿದೆ.

ಭುಜದ ಮುಂದಿನ ಕಾಲರ್ ಬೋನ್ ಮುರಿದಿತ್ತು. ಆಸ್ಪತ್ರೆಯಲ್ಲಿ ನರ್ಸ್, ಹೇಗಾಯಿತು ಎಂದು ಕೇಳಿದಳು. "ಬ್ರೇಕ್ ಹಿಡಿದೆ," ಎಂದು ಪ್ರಾಮಾಣಿಕವಾಗಿ ಉತ್ತರಿಸಿದರು. ಅವಳಿಗೆ ಅರ್ಥವಾಗಲಿಲ್ಲ. ಕೈಯನ್ನು ಸ್ಲಿಂಗಿನಲ್ಲಿ ನೇತುಹಾಕಿ ಕಳಿಸಿದರು.

ಆಮೇಲಿನದು ಅವರ ಬದುಕಿನ ಸುವರ್ಣಕಾಲ. ಕನ್ನಡ ಸಂಘದ ಪಿಕ್ನಿಕ್ಕಿಗೆ ಸ್ಲಿಂಗ್ ಹಾಕಿಕೊಂಡು ಹೋದರೆ, ಗಡಿಯಿಂದ ಬಂದ ಯೋಧನನ್ನು ಕಂಡಂತೆ ಜನ ಸುತ್ತುವರಿದರು. ಅವರು ಹೇಳುವ ಗುಡ್ಡದ ಎತ್ತರ ಬಿಸಿಬೇಳೆಬಾತಿನ ಸಾಲಿನಲ್ಲಿ ಒಂದಿಷ್ಟಿತ್ತು, ಮೊಸರನ್ನದ ಹೊತ್ತಿಗೆ ಇಮ್ಮಡಿಯಾಗಿತ್ತು. ಮೈಸೂರಿನಲ್ಲಿದ್ದ ನಮ್ಮತ್ತೆಗೆ ಮಾತ್ರ ವಿಷಯ ಹೇಳಿರಲಿಲ್ಲ. ವಿಡಿಯೋ ಕಾಲ್ ಬಂದಾಗಲೆಲ್ಲ ಇವರು ಶಾಲು ಹೊದ್ದು ಕೂರುತ್ತಿದ್ದರು.

"ಜುಲೈನಲ್ಲೂ ಅಲ್ಲಿ ಚಳಿಯೇನೋ?" ಎಂದು ಅತ್ತೆ ಕೇಳಿದರು.

"ಎಸಿ ಜಾಸ್ತಿ ಅಮ್ಮ."

"ಅಷ್ಟು ಚಳಿಯಾದ್ರೆ ಆರಿಸೋಕೆ ಬರಲ್ವಾ? ಇಂಜಿನಿಯರ್ ಓದಿದ್ದೀಯ."

ಬೈಕ್ ಮಾರಿಬಿಡಬೇಕು ಎಂದು ನಾನು ಹಟ ಹಿಡಿದೆ. ಅವರು ಒಪ್ಪಿದರು, ಅಷ್ಟು ಬೇಗ ಒಪ್ಪಿದ್ದು ನೋಡಿ, ಈ ಮಾತು ನನ್ನ ಬಾಯಿಂದ ಬರಲೆಂದು ಕಾಯುತ್ತಿದ್ದರು ಎನ್ನಿಸಿತು. ಒಂದು ಶನಿವಾರ ಪಕ್ಕದ ಊರಿನ ದಪ್ಪಗಿನ ಮನುಷ್ಯನೊಬ್ಬ ಟ್ರಕ್ಕಿನಲ್ಲಿ ಬಂದ. ಯಾರಾದರೂ ಓಡಿಸಿ ತೋರಿಸಿ, ಇಂಜಿನ್ನಿನ ಸದ್ದನ್ನು ದೂರ ನಿಂತು ಕೇಳಬೇಕು ಎಂದ. ಇವರು ಸ್ಲಿಂಗ್ ತೋರಿಸಿದರು. ದಾವಣಗೆರೆಯವನು ಊರಲ್ಲಿರಲಿಲ್ಲ.

"ನಾನು ಹಿತ್ತಲಲ್ಲಿ ಒಂದು ಸುತ್ತು ಹೋಗ್ತೀನಿ ಬಿಡಿ," ಎಂದೆ.

"ಅದು ಸ್ಕೂಟರ್ ಅಲ್ಲ ಕಣೇ."

"ನೀವು ಓಡಿಸಿದ್ದನ್ನ ನೋಡಿದೀನಲ್ಲ. ಏನ್ ಮಾಡ್ಬಾರ್ದು ಅಂತ ಎಲ್ಲ ಗೊತ್ತು."

ಎರಡು ಸಲ ನಿಂತುಹೋಯಿತು. ಮೂರನೆಯ ಸಲ ಹೊರಟಿತು, ನನಗಿಂತ ಸ್ವಲ್ಪ ಮೊದಲೇ. ಬೇಲಿಯ ಪಕ್ಕ ತಿರುಗಿಸಿ, ಅವರು ಆ ಬೇಸಿಗೆಯಲ್ಲಿ ಬೆಳೆಸಿದ ಟೊಮೇಟೊ ಮಡಿಯ ಮೇಲೆ ಹಾದು, ಹಿತ್ತಲ ಜಗಲಿಯಂಥ ಡೆಕ್ಕಿನ ಮುಂದೆ ಬಂದು ನಿಂತೆ. ಎದುರು ಮನೆಯ ಕೊಳಲು ಪಕ್ಕನೆ ನಿಂತಿತು; ಆ ಬೀದಿಗೆ ನಾನು ಮಾಡಿದ ಒಂದೇ ಉಪಕಾರ ಅದು. ಕೊಳ್ಳಲು ಬಂದವನು ಸದ್ದು ಚೆನ್ನಾಗಿದೆ, ತಗೊಳ್ತೀನಿ ಎಂದ. ನಾನು ಹ್ಯಾಂಡಲ್ ಬಿಡಲಿಲ್ಲ. ಕ್ಷಮಿಸಿ, ಇದನ್ನು ಮಾರುವುದಿಲ್ಲ ಎಂದು ಯಾರೋ ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿಸಿತು. ನಾನೇ.

ಅವನು ಹೋದ ಮೇಲೆ ಇವರು ಟೊಮೇಟೊ ಮಡಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. "ಹುಚ್ಚು ಅಂಟು ಕಾಯಿಲೆ ಅಂತ ಗೊತ್ತಿರಲಿಲ್ಲ," ಎಂದರು.

ಸೆಪ್ಟೆಂಬರಿನಲ್ಲಿ ಮತ್ತೆ ಸ್ಯಾಂಡ್‌ಹಿಲ್ಸಿಗೆ ಹೋದೆವು. ಅವರ ಕವಚ ನನಗೆ ದೊಡ್ಡದಾಗಿ, ಆಮೆಯಂತೆ ಕಾಣುತ್ತಿದ್ದೆ. ಇವರು ಕೋಚ್ ಆಗಿ ದಾರಿಯ ಪಕ್ಕ ನಿಂತು, ತಾವು ಒಮ್ಮೆಯೂ ಪಾಲಿಸದ ಉಪದೇಶವನ್ನೆಲ್ಲ ನನಗೆ ಧಾರೆ ಎರೆದರು. "ದೂರ ನೋಡು. ಭಾರ ಹಿಂದಕ್ಕೆ ಹಾಕು. ಬ್ರೇಕ್ ಹಿಡೀಬೇಡ, ಬ್ರೇಕ್ ಹಿಡೀಬೇಡ ಕಣೇ." ನಾನು ಹಿಡಿದೆ. ಬಿದ್ದೆ. ಬಾಯಿಗೆ ಮರಳು ಹೋಯಿತು. ಇಂಗ್ಲಿಷ್ ಬಿಡದ ಮಗಳು ಅಂದು ಪೂರ್ತಿ ಕನ್ನಡದಲ್ಲಿ, "ಅಮ್ಮ ಕೂಡ ಬೀಳ್ತಾರೆ," ಎಂದು ತನಗೆ ತಾನೇ ಹೇಳಿಕೊಂಡಳು.

ಎದ್ದು ಮತ್ತೆ ಹೋದೆ. ಮರಳು ಸಿಕ್ಕಿತು. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಜೀವವಿದ್ದಂತೆ ಹೊರಳಿತು, ಬೆರಳು ಬ್ರೇಕಿನ ಕಡೆ ಹೊರಟಿತು. ಆ ಬೆರಳನ್ನು ಹಿಂದಕ್ಕೆ ತರಲು ಪಟ್ಟ ಕಷ್ಟವನ್ನು ಹೆರಿಗೆಯಲ್ಲೂ ಪಟ್ಟಿರಲಿಲ್ಲ. ಆಕ್ಸಿಲರೇಟರ್ ತಿರುಗಿಸಿದೆ. ಬೈಕಿನ ಮುಂಭಾಗ ಹಗುರವಾಗಿ ಮರಳಿನ ಮೇಲೆ ತೇಲಿತು. ನೆಲ ಇದೆಯೋ ಇಲ್ಲವೋ ಎಂಬಂತೆ. ಬೇಕೆಂದೇ ಬೆಂಕಿಯಿಟ್ಟು ಒಣಹುಲ್ಲು ಸುಟ್ಟ ಕಾಡು ಅದು, ಮರಗಳ ಬುಡವೆಲ್ಲ ಕಪ್ಪು, ತಲೆ ಮಾತ್ರ ಹಸಿರು. ಪೈನ್ ಸೊಪ್ಪಿನ ಬಿಸಿ ವಾಸನೆ. ಗುಡ್ಡ ಹತ್ತಿ, ಇಳಿದು, ಇನ್ನೊಂದು ಹತ್ತಿ, ನೆತ್ತಿಯಲ್ಲಿ ನಿಲ್ಲಿಸಿದೆ. ಹೆಲ್ಮೆಟ್ಟಿನೊಳಗೆ ಒಬ್ಬಳೇ ಜೋರಾಗಿ ನಗುತ್ತಿದ್ದೆ, ಉಸಿರಿಗೆ ಕನ್ನಡಕವೆಲ್ಲ ಮಂಜಾಗಿತ್ತು.

ವಾಪಸು ಬರುವಾಗ ದಾರಿ ತಪ್ಪಿದೆ. ಎಲ್ಲ ಪೈನ್ ಮರವೂ ಒಂದೇ ಥರ. ಸುತ್ತಿ ಸುತ್ತಿ ಮೊದಲಿನ ದಾರಿಗೆ ಬಂದಾಗ ಇವರು ನಿಂತಲ್ಲಿ ಇರಲಿಲ್ಲ. ಬಿಸಿಲಲ್ಲಿ, ಮೊಣಕಾಲು ಹೂಳುವ ಮರಳಿನಲ್ಲಿ, ಹುಷಾರಾಗದ ಭುಜ ಹಿಡಿದುಕೊಂಡು ನನ್ನನ್ನು ಹುಡುಕುತ್ತ ಕಾಡಿನೊಳಗೆ ನಡೆದು ಬರುತ್ತಿದ್ದರು. ಮುಖ ಮತ್ತದೇ ವಿಭೂತಿಯ ಬಣ್ಣ.

"ಎಲ್ಲಿ ಹೋಗಿದ್ದೆ? ನಾನೇನಂತ ತಿಳ್ಕೊಬೇಕು?"

"ಗಾಬರಿ ಆಯ್ತಾ?"

ಇವರು ಬೈಕಿನ ಸೀಟಿನ ಮೇಲೆ ಕೈ ಊರಿ ಸುಧಾರಿಸಿಕೊಂಡರು. ಆಮೇಲೆ, "ಹೇಗಿತ್ತು?" ಎಂದರು.

"ಬ್ರೇಕ್ ಇದೆ ಅನ್ನೋದೇ ಮರೆತುಹೋಯ್ತು."

"ನಂಗೆ ಈ ದೇಶಕ್ಕೆ ಬಂದಾಗಿಂದ ಅದೊಂದೇ ನೆನಪಿರೋದು," ಎಂದರು. ಹಾಸ್ಯಕ್ಕೆ ಹೇಳಿದ್ದು ಎಂದು ನಗಲು ಹೋದೆ. ಅವರು ನಗುತ್ತಿರಲಿಲ್ಲ. ಇಬ್ಬರೂ ಬೈಕನ್ನು ತಳ್ಳಿಕೊಂಡು ಹೊರಗೆ ಬಂದೆವು.

ಈಗ ತಿಂಗಳಿಗೊಮ್ಮೆ ಹೋಗುತ್ತೇವೆ. ಷಾರ್ಲೆಟ್ ನಗರದಿಂದ ಇಬ್ಬರು ಹೆಂಗಸರು ಬಂದು ಸೇರಿಕೊಳ್ಳುತ್ತಾರೆ. ಒಬ್ಬಳು ಹುಬ್ಬಳ್ಳಿಯ ಮಕ್ಕಳ ಡಾಕ್ಟರು. ಬಿದ್ದಾಗಲೆಲ್ಲ, "ನಂಗೇನೂ ಆಗಿಲ್ಲ, ಮರಳಿಗೆ ಏನಾತು ನೋಡ್ರಿ," ಎನ್ನುತ್ತಾಳೆ. ದಾವಣಗೆರೆಯವನು ತನ್ನ ಬೈಕ್ ಮಾರಿ ಗಾಲ್ಫ್ ಸೇರಿದ್ದಾನೆ. ಅಲ್ಲೂ ಚೆಂಡು ಹೂತುಹೋಗುವ ಮರಳಿನ ಗುಂಡಿ ಇದೆಯಂತೆ, ಅಲ್ಲೂ ಅದರಿಂದ ಹೊರಬರಲಾಗುತ್ತಿಲ್ಲವಂತೆ.

ನನ್ನ ಗಂಡನ ಭುಜ ಕೂಡಿಕೊಂಡ ಮೇಲೆ ಅವರು ಸಣ್ಣ ಬೈಕೊಂದನ್ನು ಕೊಂಡರು, ಮಕ್ಕಳ ಅಳತೆಯದು. ಹೊಸಬರ ಸಮತಟ್ಟು ದಾರಿಯಲ್ಲಿ ಎರಡನೇ ಗೇರಿನಲ್ಲಿ ಶಾಲೆಯ ಮಕ್ಕಳ ಜೊತೆ ಸುತ್ತುತ್ತಾರೆ. ತಿರುವಿನಲ್ಲಿ ಕೈ ತೋರಿಸಿ ಸಿಗ್ನಲ್ ಕೊಡುತ್ತಾರೆ, ಹಿಂದಿನ ಮಕ್ಕಳಿಗೆ ದಾರಿ ಬಿಡುತ್ತಾರೆ. ಕಳೆದ ಯುಗಾದಿಗೆ ಸಂಘದಲ್ಲಿ ಹಿರಿಯರೊಬ್ಬರು, "ಏನಪ್ಪಾ, ಹೆಂಡತಿಗೆ ಇದಕ್ಕೆಲ್ಲ ಪರ್ಮಿಷನ್ ಕೊಟ್ಟಿದ್ದೀಯಂತೆ," ಎಂದು ಕೇಳಿದರು.

"ಇಲ್ಲ ಅಂಕಲ್, ನಾನೇ ತಗೊಂಡಿದ್ದೀನಿ. ಭಾನುವಾರ ಹನ್ನೊಂದರವರೆಗೆ," ಎಂದು ಇವರು ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಕೊಂಡರು.