ಠಾಣೆಯಲ್ಲಿ ಓದಿದ ಬಿನ್ನವತ್ತಳೆ

ನಮ್ಮ ಕಡೆ ಯಾರಾದರೂ ನಿವೃತ್ತರಾದರು, ವರ್ಗವಾದರು ಅಂದರೆ ಶಾಲು ತರುವವರು ಒಬ್ಬರು, ಹಣ್ಣಿನ ಬುಟ್ಟಿ ಕಟ್ಟಿಸುವವರು ಒಬ್ಬರು, ಬಿನ್ನವತ್ತಳೆ ಬರೆಯುವವಳು ನಾನು. ಕೊಪ್ಪದ ಅಂಚಿನ ಸಣ್ಣದೊಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರಾಗಿದ್ದೆ. ಅಕ್ಷರ ಮುದ್ದಾಗಿತ್ತು, ಅದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ! ಬಣ್ಣದ ಶಾಯಿಯಲ್ಲಿ ಸುತ್ತ ಬಳ್ಳಿ ಬಿಡಿಸಿ, ‘ಸನ್ಮಾನ್ಯರೇ’ ಎಂದು ಶುರು ಮಾಡಿದೆನೆಂದರೆ ಎಂಥ ಮೈಗಳ್ಳನೂ ಹತ್ತು ಸಾಲಿನೊಳಗೆ ಮಹಾಪುರುಷನಾಗುತ್ತಿದ್ದ. ನರಸಿಂಹರಾಜಪುರದ ಒಬ್ಬ ಗುಮಾಸ್ತರನ್ನು ಊಟದ ಹೊತ್ತಾದ ಮೇಲೆ ಕಚೇರಿಯಲ್ಲಿ ಕಂಡವರೇ ಇರಲಿಲ್ಲ. ಅವರಿಗೂ ‘ಹಗಲಿರುಳೆನ್ನದೆ ದುಡಿದ ಕರ್ಮಯೋಗಿ’ ಎಂದು ಬರೆದುಕೊಟ್ಟಿದ್ದೆ. ಓದುವಾಗ ಅವರ ಹೆಂಡತಿ ಮುಂದಿನ ಸಾಲಿನಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬಿನ್ನವತ್ತಳೆ ಎಂದರೆ ಹಾಗೆಯೇ. ಬರೆದವರೂ ನಂಬುವುದಿಲ್ಲ, ಬರೆಸಿಕೊಂಡವರೂ ನಂಬುವುದಿಲ್ಲ, ಗಾಜು ಹಾಕಿಸಿ ಗೋಡೆಗೆ ಮಾತ್ರ ಹೊಡೆಯುತ್ತಾರೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದಿರಬೇಕು. ಆ ಜೂನ್‌ನಿಂದ ನಮ್ಮ ಶಾಲೆಗೆ ಇಂಗ್ಲಿಷ್ ಮಾಸ್ತರರಿರಲಿಲ್ಲ. ಹತ್ತನೆಯ ತರಗತಿಯವರು ಇಂಗ್ಲಿಷ್ ಪಿರಿಯಡ್ಡಿನಲ್ಲೂ ನನ್ನ ಕೈಯಲ್ಲೇ ಸಿಕ್ಕಿ ಕನ್ನಡ ಪದ್ಯವನ್ನು ಎರಡೆರಡು ಸಲ ಓದುತ್ತಿದ್ದರು. ದಸರಾ ರಜೆಯಲ್ಲಿ ಶೃಂಗೇರಿಗೆ ಹೋಗಿದ್ದ ನಮ್ಮ ಹೆಡ್‌ಮಾಸ್ಟರು, ವಾಪಸ್ಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಬಿಳಿ ಹುಡುಗಿಯೊಬ್ಬಳನ್ನು ಮಾತಾಡಿಸಿ, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಹಲಸಿನಹಣ್ಣಿನ ಹಾಗೆ ಸೀದಾ ಕರೆದುಕೊಂಡು ಬಂದರು. ಇಂಗ್ಲೆಂಡಿನವಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಬೇರೆ ಎರಡು ದೇಶಗಳಲ್ಲಿ ಇಂಗ್ಲಿಷ್ ಕಲಿಸಿದವಳು. ನಮ್ಮ ಮನೆಯ ಮುಂದಿನ ಕೋಣೆ ಖಾಲಿಯಿತ್ತು, ಅಲ್ಲಿಗೆ ಅವಳ ಚೀಲ ಬಂದು ಬಿತ್ತು.

ಮೊದಲ ದಿನವೇ ಅವಳು ಪಾಸ್‌ಪೋರ್ಟ್ ತೆಗೆದು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟಳು. ನನ್ನದು ಪ್ರವಾಸಿ ವೀಸಾ, ಆರು ತಿಂಗಳಿನದು, ಇದರಲ್ಲಿ ಪಾಠ ಮಾಡುವಂತಿಲ್ಲ ಅಂದಳು. ಹೆಡ್‌ಮಾಸ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆ ತಿರುಗಿದರು.

“ಸಂಬಳ ಕೊಡದಿದ್ರೆ ಅದು ಕೆಲ್ಸ ಹ್ಯಾಂಗಾಗ್ತದೆ? ಅದು ಸೇವೆ ಅಲ್ವನಾ? ಹೇಳಿ ಟೀಚರೇ ಅವಳಿಗೆ.”

ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ಸಂಬಳ ಇರಲಿ ಬಿಡಲಿ, ಕಾನೂನಿಗೆ ಅದು ಕೆಲಸವೇ ಅಂದಳು. ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ನನಗೆ ಪಾಠವನ್ನೇ ಮಾಡಿದಳು. ನೋಡಲು ಬರುವವರ ವೀಸಾ ಬೇರೆ, ಓದಲು ಬರುವವರದ್ದು ಬೇರೆ, ದುಡಿಯಲು ಬರುವವರದ್ದು ಬೇರೆ. ದುಡಿಯುವ ವೀಸಾ ಬೇಕೆಂದರೆ ಕರೆಸಿಕೊಳ್ಳುವ ಶಾಲೆ ಮೊದಲು ಪತ್ರ ಕೊಡಬೇಕು, ಅದನ್ನು ಅವಳ ಊರಿನಲ್ಲೇ ಕೂತು ಅರ್ಜಿ ಹಾಕಿ ಪಡೆಯಬೇಕು, ಇಲ್ಲಿಗೆ ಬಂದ ಮೇಲೆ ಒಂದನ್ನು ಇನ್ನೊಂದಾಗಿ ಬದಲಿಸಲು ಬರುವುದಿಲ್ಲ. ಹಿಂದೆ ಇದ್ದ ಒಂದು ದೇಶದಲ್ಲಿ ಶಾಲೆಯವರು ಪತ್ರ ಇವತ್ತು ನಾಳೆ ಎನ್ನುತ್ತಲೇ ಅವಳನ್ನು ಪ್ರವಾಸಿ ವೀಸಾದಲ್ಲಿ ದುಡಿಸಿಕೊಂಡರಂತೆ. ಮೂರು ತಿಂಗಳಿಗೊಮ್ಮೆ ಗಡಿ ದಾಟಿ, ಸೀಲು ಹೊಡೆಸಿಕೊಂಡು, ಅದೇ ದಿನ ವಾಪಸ್ಸು. ಒಂದು ಬೆಳಿಗ್ಗೆ ಪಾಠದ ಮಧ್ಯೆ ಪೊಲೀಸ್ ವ್ಯಾನು ಬಂತು. ಶಾಲೆಯ ಯಜಮಾನ ಹಿಂಬಾಗಿಲಿನಿಂದ ಮಾಯ. ಇವಳು ಎರಡು ದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿದ್ದಳು.

“ಇಲ್ಲಿ ಹಂಗೆಲ್ಲ ಇಲ್ಲ, ಯಾರು ಬಂದು ಕೇಳ್ತಾರೆ ಮಾರಾಯ್ತಿ?” ಅಂದೆ ನಾನು. ಮನೆಯಲ್ಲಿ ವಿದೇಶದವರು ಉಳಿದರೆ ಒಂದು ದಿನದೊಳಗೆ ಠಾಣೆಗೆ ಫಾರಂ ಕೊಡಬೇಕು ಎಂಬುದೂ ನನಗೆ ಗೊತ್ತಿರಲಿಲ್ಲ. ಮನೆಗೆ ನೆಂಟರು ಬಂದರು ಅಂತ ಪೊಲೀಸರಿಗೆ ಹೇಳುವುದು ಯಾವ ಸೀಮೆಯ ಪದ್ಧತಿ!

ಒಂದು ವಾರ ಮಾತ್ರ ಅಂದವಳು ಐದು ತಿಂಗಳು ಕಲಿಸಿದಳು. ಖಾಲಿ ತರಗತಿಯಲ್ಲಿ ಕೈಕಟ್ಟಿ ಕೂತ ಮಕ್ಕಳನ್ನು ನೋಡಿ ಹೊರಡಲು ಅವಳಿಗೆ ಮನಸ್ಸು ಬರಲಿಲ್ಲ, ಅಷ್ಟೇ. ಅವಳ ಷರತ್ತು ಮೂರು. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವುದಿಲ್ಲ. ಫೋಟೋ ತೆಗೆಯಬಾರದು. ಮುಂದಿನ ಜೂನ್‌ಗೆ ಸರಿಯಾದ ವೀಸಾದಲ್ಲಿ ಬರಲು ಶಾಲೆ ಪತ್ರ ಕೊಡಬೇಕು. ಹೆಡ್‌ಮಾಸ್ಟರು ಮೂರಕ್ಕೂ “ಆಗ್ಲಿ ಆಗ್ಲಿ” ಅಂದರು, ಪತ್ರ ಮಾತ್ರ ಕೊನೆಯವರೆಗೂ ನಾಳೆಯೇ ಆಗಿತ್ತು.

ಕೆಂಪು ಶಾಯಿ ಬೈದ ಹಾಗೆ ಕಾಣುತ್ತದೆ ಎಂದು ಅವಳು ನೋಟ್‌ಬುಕ್ಕುಗಳನ್ನು ಹಸಿರಿನಲ್ಲಿ ತಿದ್ದುತ್ತಿದ್ದಳು. ತಿದ್ದಿದ್ದನ್ನು ಮಕ್ಕಳು ಮತ್ತೆ ಬರೆದು ತರಬೇಕು, ಅದನ್ನು ಮತ್ತೆ ತಿದ್ದಬೇಕು. ಕಮ್ಮರಡಿ ಕಡೆಯಿಂದ ಬರುತ್ತಿದ್ದ ಒಂದು ಹುಡುಗಿ ಇಂಗ್ಲಿಷ್ ಎಂದರೆ ಜಡೆಯನ್ನು ಬಾಯಿಗಿಟ್ಟುಕೊಂಡು ನಿಲ್ಲುತ್ತಿತ್ತು. ಅದು ಜನವರಿ ಹೊತ್ತಿಗೆ ಬಸ್ಸಿನಲ್ಲಿ ಟಿಕೇಟನ್ನೂ ಇಂಗ್ಲಿಷಿನಲ್ಲೇ ಕೇಳತೊಡಗಿ, ಕಂಡಕ್ಟರ್ ಶಾಲೆಗೇ ಬಂದು ಜಗಳ ತೆಗೆದ. “ಕನ್ನಡದಲ್ಲಿ ಕೇಳಿದ್ರೆ ನಮ್ಮ ಬಸ್ಸು ಹೋಗೂದಿಲ್ವಾ ಟೀಚರೇ?” ನಾನು ಸಿಟ್ಟು ಬಂದವಳ ಹಾಗೆ ಮುಖ ಮಾಡಿದೆ, ಒಳಗೆ ಹೊಟ್ಟೆ ತುಂಬ ಖುಷಿ. ಇಂಗ್ಲೆಂಡಿನವಳೂ ನನ್ನಿಂದ ಕನ್ನಡ ಕಲಿತಳು. ಫೆಬ್ರವರಿಯಲ್ಲಿ ನಮ್ಮ ಮನೆಯಲ್ಲಿ ಯಾರು ಯಾರನ್ನು ಬೈದರೂ ಅವಳಿಗೆ ಅರ್ಥವಾಗುತ್ತಿತ್ತು.

ಮಾರ್ಚ್ ಬಂತು. ವೀಸಾ ಮುಗಿಯಲು ಇನ್ನು ಎರಡು ವಾರ. ಐದು ತಿಂಗಳು ಉಂಡುಟ್ಟು ಇದ್ದವಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಎರಡೇ ಎರಡು ದಿನ ಇದ್ದು ಹೋದ ಇನ್‌ಸ್ಪೆಕ್ಷನ್ ಅಧಿಕಾರಿಗೂ ಶಾಲು ಹೊದೆಸಿದ ಊರು ನಮ್ಮದು. ಮೊದಲೇ ಹೇಳಿದರೆ ಬೇಡವೆನ್ನುತ್ತಾಳೆ, ಗೊತ್ತಾಗದ ಹಾಗೆ ಮಾಡೋಣ ಅಂದವಳು ನಾನೇ. ಕಾರ್ಡ್‌ಶೀಟು ತಂದು ಬರೆಯಲು ಕೂತೆ. ಸಾಮಾನ್ಯವಾಗಿ ಒಂದು ಬಿನ್ನವತ್ತಳೆಗೆ ನನಗೆ ಎರಡು ಸಂಜೆ ಬೇಕು. ಇಲ್ಲದ ಗುಣ ಹುಡುಕಬೇಕಲ್ಲ. ಇದು ಒಂದು ಗಂಟೆಯಲ್ಲಿ ಮುಗಿಯಿತು. ‘ನಮ್ಮ ಶಾಲೆಯ ಇಂಗ್ಲಿಷ್ ಶಿಕ್ಷಕಿಯಾಗಿ ಹಗಲಿರುಳೆನ್ನದೆ ದುಡಿದು, ಮೂಕರಂತಿದ್ದ ಮಕ್ಕಳ ಬಾಯಲ್ಲಿ ಮಾತು ತರಿಸಿದಿರಿ’ ಎಂದು ಬರೆದು ನೋಡಿದರೆ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನಗೇ ಆಶ್ಚರ್ಯವಾಯಿತು.

ಸಭಾಂಗಣಕ್ಕೆ ಬಂದು ಹೆಡ್‌ಮಾಸ್ಟರು ಗುಟ್ಟಾಗಿ ತೆಗೆಸಿದ್ದ ತನ್ನ ಫೋಟೋ ಇದ್ದ ಫ್ಲೆಕ್ಸ್ ನೋಡಿದಾಗ ಅವಳ ಮುಖ ಬಿಳಿಚಿತು. ಸಂತೋಷಕ್ಕೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಜೋರು ಧ್ವನಿಯಲ್ಲಿ ಓದಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಹೆಡ್‌ಮಾಸ್ಟರು ಕರೆಸಿದ್ದ ಪತ್ರಿಕೆಯವರು ಫೋಟೋ ಹೊಡೆದುಕೊಂಡು, ಬಿನ್ನವತ್ತಳೆಯ ಸಾಲುಗಳನ್ನೂ ಬರೆದುಕೊಂಡು ಹೋದರು. ಮೂರನೆಯ ದಿನ ಜಿಲ್ಲೆಯ ಪುಟದಲ್ಲಿ ಎಲ್ಲವೂ ಬಂತು. ನಾಲ್ಕನೆಯ ದಿನ ಆ ತುಣುಕನ್ನು ಕೈಯಲ್ಲಿ ಹಿಡಿದುಕೊಂಡು ಪೊಲೀಸಿನವರು ಬಂದರು.

ನಾಡಿದ್ದು ಇಬ್ಬರೂ ಠಾಣೆಗೆ ಬರಬೇಕು, ಪಾಸ್‌ಪೋರ್ಟೂ ಬಿನ್ನವತ್ತಳೆಯೂ ತರಬೇಕು ಅಂದರು. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಲಸ ಮಾಡಿದ್ದಾಳೆಂದು ವರದಿ ಹೋದರೆ ಗಡೀಪಾರು, ಆಮೇಲೆ ಈ ದೇಶಕ್ಕೆ ಮತ್ತೆ ವೀಸಾ ಸಿಗುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. “ಜೂನ್‌ಗೆ ಬರೋದಿಲ್ಲ ಅಂತ ಒಂಬತ್ತನೇ ಕ್ಲಾಸಿಗೆ ನೀವೇ ಹೇಳಿ.”

ಹೆಡ್‌ಮಾಸ್ಟರಿಗೆ ಒಂದು ಉಪಾಯ ಹೊಳೆಯಿತು. ಪ್ರವಾಸಿ ಅಂತ ತೋರಿಸಬೇಕು, ಆದರೆ ಐದು ತಿಂಗಳಲ್ಲಿ ಹುಡುಗಿ ಶಾಲೆ ಬಿಟ್ಟು ಏನೂ ನೋಡಿಲ್ಲ! ಮರುದಿನವೇ ಜೀಪು ಮಾಡಿ ಸಿರಿಮನೆ ಜಲಪಾತಕ್ಕೆ ಕರೆದುಕೊಂಡು ಹೋದೆವು. ಯಾರೂ ಹಿಗ್ಗಿ ನೋಡಲಿಲ್ಲ. ಅವಳು ಒಂದು ಬಂಡೆಯ ಮೇಲೆ ಕೂತು, ಚೀಲದಿಂದ ಹತ್ತನೆಯ ತರಗತಿಯ ನೋಟ್‌ಬುಕ್ಕು ತೆಗೆದು, ಉಳಿದಿದ್ದನ್ನು ಹಸಿರು ಪೆನ್ನಿನಲ್ಲಿ ತಿದ್ದಿ ಮುಗಿಸಿದಳು. “ಫಾಲ್ಸ್ ನೋಡೇ ಮಾರಾಯ್ತಿ, ನಾಳೆ ಕೇಳಿದ್ರೆ ಎಂತ ಹೇಳ್ತಿ?” ಅಂತ ಹೆಡ್‌ಮಾಸ್ಟರು ಗೋಗರೆದರು.

ಇನ್‌ಸ್ಪೆಕ್ಟರು ಗಟ್ಟಿ ಮಾತಿನವರಲ್ಲ. ಮರುದಿನ ಠಾಣೆಗೆ ಹೋದಾಗ ಅವಳನ್ನು ಬೆಂಚಿನ ಮೇಲೆ ಕೂರಿಸಿ, ನನಗೆ ಕುರ್ಚಿ ಕೊಟ್ಟು, ಬಿನ್ನವತ್ತಳೆಯನ್ನು ಓದಿ ಅಂದರು. ಓದಿದೆ. ಸಭೆಯಲ್ಲಿ ಬಂದ ಧ್ವನಿ ಅಲ್ಲಿ ಬರಲಿಲ್ಲ.

“ಇದನ್ನ ಬರ್ದೋರು ನೀವೇ. ಹಗಲಿರುಳು ದುಡಿದ್ರು ಅಂತೀರಿ. ಹಂಗಾದ್ರೆ ಕೆಲ್ಸ ಮಾಡಿದ್ರು ಅಂತ ಆಯ್ತಲ್ಲ ಮೇಡಂ?”

ಎಲ್ಲಿ ನೋಡಬೇಕೋ ತಿಳಿಯದೆ ಗೋಡೆ ನೋಡಿದೆ. ಅಲ್ಲಿ, ಗಡಿಯಾರದ ಕೆಳಗೆ, ಗಾಜಿನೊಳಗೆ ನನ್ನದೇ ಬಳ್ಳಿ, ನನ್ನದೇ ಅಕ್ಷರ! ಎರಡು ವರ್ಷದ ಹಿಂದೆ ವರ್ಗವಾದ ಒಬ್ಬ ಅಧಿಕಾರಿಗೆ ಬರೆದುಕೊಟ್ಟದ್ದು. ಅವರು ಅದನ್ನು ಕೊಂಡೊಯ್ಯುವ ಗೋಜಿಗೇ ಹೋಗಿರಲಿಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು.

“ಸಾರ್, ಅದನ್ನೊಂದು ಓದಿ,” ಅಂದೆ.

ಅವರು ಎದ್ದು ಹೋಗಿ ಓದಿದರು. ‘ಹಗಲಿರುಳೆನ್ನದೆ ದುಡಿದು’ ಅಲ್ಲೂ ಇತ್ತು, ಅದೇ ಮೂರನೆಯ ಸಾಲಿನಲ್ಲಿ. ಬರೆಯುತ್ತಿದ್ದ ಪೇದೆ ತಲೆ ತಗ್ಗಿಸಿ ಕಿಸಕ್ಕೆಂದ. ನನಗೆ ಧೈರ್ಯ ಬಂತು. ಬರೆದುಕೊಟ್ಟದ್ದನ್ನೆಲ್ಲ ಇಳಿಸಿಟ್ಟುಕೊಳ್ಳುತ್ತಿದ್ದ ನನ್ನ ನಕಲು ಪುಸ್ತಕವನ್ನು ಚೀಲದಿಂದ ತೆಗೆದು ಗುಮಾಸ್ತರದ್ದು, ಪೋಸ್ಟ್‌ಮಾಸ್ಟರದ್ದು, ಡ್ರಿಲ್ ಮಾಸ್ತರದ್ದು ಒಂದೊಂದಾಗಿ ತೋರಿಸಿದೆ. ಎಲ್ಲರೂ ಹಗಲಿರುಳು ದುಡಿದವರೇ.

“ನಾವು ಬರೆಯೂದೇ ಹೀಗೆ ಸಾರ್. ಇದ್ರಲ್ಲಿ ಎಂತದೂ ನಿಜ ಅಲ್ಲ. ಈ ಹುಡುಗಿ ನಮ್ಮನೇಲಿ ನೆಂಟ್ರ ಹಂಗೆ ಇತ್ತು. ಬೇಜಾರಾದಾಗ ಶಾಲೆಗೆ ಬಂದು ಕೂತ್ಕಂತಿತ್ತು. ಒಂದಕ್ಷರ ಕಲಿಸಿಲ್ಲ.”

ಹೇಳಿ ಮುಗಿಸಿದ ಮೇಲೆ ಬೆಂಚಿನ ಕಡೆ ನೋಡಿದೆ. ಅವಳಿಗೆ ಕನ್ನಡ ಬರುತ್ತದೆ ಎಂಬುದು ನನಗೆ ಆಗ ನೆನಪಾಯಿತು. ಕಲಿಸಿದವಳು ನಾನೇ. ಮಡಿಲಲ್ಲಿದ್ದ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಇನ್‌ಸ್ಪೆಕ್ಟರು ನಕಲು ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು. “ನೀವು ಹೇಳಿದ್ದನ್ನ ನಾನು ಬರ್ಕೋತೀನಿ. ನಿಜಾನೋ ಸುಳ್ಳೋ ನಿಮ್ಮ ಸಹಿಗೆ ಬಿಟ್ಟದ್ದು,” ಅಂದರು. ಸಹಿ ಹಾಕಿದೆ. ಆ ಸಹಿಯೂ ಮುದ್ದಾಗಿಯೇ ಬಂತು, ದರಿದ್ರದ್ದು. ಫಾರಂ ಕೊಡದ್ದಕ್ಕೆ ನನಗೆ ನಾಲ್ಕು ಮಾತು ಬುದ್ಧಿ ಹೇಳಿದರು. ಅವಳಿಗೆ, ವಾರದೊಳಗೆ ಹೊರಡಿ, ಮುಂದೆ ಕಲಿಸುವ ಮನಸ್ಸಿದ್ದರೆ ಅದಕ್ಕೆ ತಕ್ಕ ವೀಸಾದಲ್ಲಿ ಬನ್ನಿ, ನಿಮ್ಮ ಹೆಸರಿನ ಮೇಲೆ ಏನೂ ಇಲ್ಲ ಅಂದರು. ನಾನು ಗೆದ್ದೆ ಅಂದುಕೊಂಡೆ.

ಅವಳು ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅದೇ ಪೇದೆ ನಿಂತಿದ್ದ, ಯಾವ ಬಸ್ಸಿಗೆ ಹತ್ತಿದಳು ಎಂದು ಬರೆದುಕೊಳ್ಳಲು, ನಮ್ಮಿಂದ ಎರಡು ಮಾರು ದೂರದಲ್ಲಿ. ಅವಳು ಕನ್ನಡದಲ್ಲೇ ಕೇಳಿದಳು.

“ಟೀಚರ್, ನಾನು ಒಂದಕ್ಷರಾನೂ ಕಲಿಸ್ಲಿಲ್ವಾ?”

ಪೇದೆಯ ಕಿವಿ ನಮ್ಮ ಕಡೆಗೇ ಇತ್ತು. “ಬಸ್ಸು ಬಂತು, ಹತ್ತು,” ಅಂದೆ. ಅಪ್ಪಿಕೊಂಡು ಹತ್ತಿದಳು.

ಏಪ್ರಿಲ್‌ನಲ್ಲಿ ನಾನು ಹೆಡ್‌ಮಾಸ್ಟರ ತಲೆಯ ಮೇಲೆ ಕೂತು ಆ ಪತ್ರ ಬರೆಸಿದೆ. ನಾನೇ ಅಂಚೆಗೆ ಹಾಕಿದೆ. ಮೇ ಕೊನೆಯಲ್ಲಿ ಮುಂದಿನ ಕೋಣೆಗೆ ಸುಣ್ಣ ಹೊಡೆಸಿದೆ. ಜೂನ್ ಬಂತು, ಶಾಲೆ ಶುರುವಾಯಿತು, ಜಡೆ ಬಾಯಿಗಿಡುತ್ತಿದ್ದ ಹುಡುಗಿ ಇಂಗ್ಲಿಷಿನಲ್ಲಿ ಪಾಸಾಗಿ ಕಾಲೇಜು ಸೇರಿತು. ಅವಳು ಮಾತ್ರ ಇಂಗ್ಲೆಂಡಿನಿಂದ ಬರಲಿಲ್ಲ. ಜುಲೈನಲ್ಲಿ ಹಸಿರು ಶಾಯಿಯ ಒಂದು ಕಾಗದ ಬಂತು, ಇಂಗ್ಲಿಷಿನಲ್ಲಿ, ಕೊನೆಯ ನಾಲ್ಕು ಸಾಲು ಮಾತ್ರ ಕಾಗುಣಿತ ತಪ್ಪದ ಕನ್ನಡದಲ್ಲಿ.

‘ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ. ಹಿಂದೆ ಭಾರತಕ್ಕೆ ಏಕೆ ಹೋಗಿದ್ದಿರಿ? ಪ್ರವಾಸ ಎಂದು ಬರೆಯಬೇಕು. ಮೂರು ಸಲ ಬರೆಯಲು ಕೂತೆ. ಆ ಮಕ್ಕಳ ಮುಖ ನೆನಪಾಗಿ ಬರೆಯಲು ಕೈ ಬರಲಿಲ್ಲ ಟೀಚರ್.’

ಹೆಡ್‌ಮಾಸ್ಟರು ಓದಿ, “ಒಂದು ಶಬ್ದ ಬರೆಯೂಕೆ ಇಷ್ಟು ಯೋಚ್ನೆಯಾ? ಎಂತ ಹುಡುಗಿ ಮಾರಾಯ್ರೆ!” ಅಂದರು. ನಾನು ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೇಳಿದ್ದಕ್ಕೆ ‘ಕಲಿಸಿದೆ’ ಎಂಬ ಒಂದು ಮಾತು, ಆ ಪೇದೆಯ ಎದುರಿಗೇ ಹೇಳಿದ್ದರೂ ಯಾವ ಆಕಾಶ ಕಳಚಿ ಬೀಳುತ್ತಿತ್ತು?

ಅದೇ ವಾರ ನರಸಿಂಹರಾಜಪುರದಿಂದ ಇಬ್ಬರು ಬಂದರು, ಅವರ ಕಚೇರಿಯ ಒಬ್ಬರಿಗೆ ನಿವೃತ್ತಿ. ಕಾಫಿ ಕೊಟ್ಟು, ಕಾರ್ಡ್‌ಶೀಟು ಹಾಸಿ, ಬಳ್ಳಿ ಬಿಡಿಸಿ, ‘ಸನ್ಮಾನ್ಯರೇ’ ಎಂದು ಬರೆದೆ. ಎರಡು ಸಾಲೂ ಆಯಿತು. ಮೂರನೆಯದು ಎಂದಿನ ಸಾಲು, ಕಣ್ಣುಮುಚ್ಚಿ ಬರೆಯುವಂಥದ್ದು. ಅಲ್ಲಿಗೆ ಬಂದು ನಿಂತೆ. ಬಂದವರು ಕಾದರು, ಇನ್ನೊಂದು ಲೋಟ ಕಾಫಿ ಕುಡಿದರು. ಆಮೇಲೆ ಹಾಳೆಯನ್ನು ಸುರುಳಿ ಸುತ್ತಿ ಅವರ ಕೈಗೇ ಕೊಟ್ಟು, ಬೇರೆ ಯಾರ ಹತ್ತಿರವಾದರೂ ಬರೆಸಿಕೊಳ್ಳಿ ಅಂದೆ.