ಒಂದು ಗೇಣು ಕಡಿಮೆ ಬೀಳುವ ಹಗ್ಗ

ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವೊಂದಿದೆ. ಬೇವಿನ ಮರದಿಂದ ಹೊರಟು ಬಚ್ಚಲುಮನೆಯ ಗೋಡೆಯ ಮೊಳೆಯನ್ನು ಮುಟ್ಟಬೇಕಾದ ಅದು ಸರಿಯಾಗಿ ಒಂದು ಗೇಣು ಕಡಿಮೆ ಬೀಳುತ್ತದೆ. ಆ ಗೇಣನ್ನು ನಾನು ತುಕ್ಕು ಹಿಡಿದ ತಂತಿಯ ತುಂಡಿನಿಂದ ತುಂಬಿಸಿಕೊಂಡಿದ್ದೇನೆ. ಬಂದುಹೋಗುವವರೆಲ್ಲ "ಐವತ್ತು ರೂಪಾಯಿ ಒಗೆದ್ರ ಹೊಸಾದು ಬರ್ತೈತಲ್ರಿ ಟೀಚರ್" ಎಂದು ಬುದ್ಧಿ ಹೇಳುತ್ತಾರೆ. ಬರುತ್ತದೆ, ನನಗೂ ಗೊತ್ತು. ಇಡೀ ಕುರುಗೋಡಿನಲ್ಲಿ ಹಗ್ಗದ ಬೆಲೆ ಗೊತ್ತಿಲ್ಲದವಳು ನಾನೊಬ್ಬಳೇ ಏನು? ಆದರೆ ಈ ಹಗ್ಗ ಹದಿನಾರು ವರ್ಷ ಒಂದು ಲಾರಿಯ ಬಾಗಿಲನ್ನು, ಅದರೊಳಗೆ ಒಂದು ವರ್ಷ ನನ್ನನ್ನೂ, ಬೀಳದಂತೆ ಹಿಡಿದುಕೊಂಡಿತ್ತು ಎನ್ನುವುದು ಅವರಿಗೆ ಗೊತ್ತಿಲ್ಲ.

ಲಾರಿ ನಮ್ಮ ಅಣ್ಣ ಈರಣ್ಣನದು. ಸಿರುಗುಪ್ಪದ ಗದ್ದೆಗಳಿಂದ ಭತ್ತ ತುಂಬಿಕೊಂಡು ರೈಸ್ ಮಿಲ್ಲುಗಳಿಗೆ ಇಳಿಸುವುದು ಅವನ ಕಸುಬು. ಲಾರಿ ಬಂದ ವರ್ಷವೇ ಅದರ ಎಡಬಾಗಿಲಿನ ಚಿಲಕ ಕೆಟ್ಟಿತು. "ಸುಗ್ಗಿ ಮುಗೀಲಿ, ಮಾಡಿಸಿದ್ರಾತು" ಎಂದ ಅಣ್ಣ. ಸುಗ್ಗಿಗಳು ಮುಗಿಯುತ್ತಲೇ ಹೋದವು, ಚಿಲಕ ಮಾತ್ರ ರಿಪೇರಿಯಾಗಲಿಲ್ಲ. ಲೋಡು ಬಿಗಿಯುವ ಹಗ್ಗದಲ್ಲಿ ಉಳಿದಿದ್ದ ತುಂಡೊಂದರ ತುದಿಯಿಂದ ಬಾಗಿಲನ್ನು ಸೀಟಿನ ಕಂಬಿಗೆ ಕಟ್ಟಿ, ಮಿಕ್ಕಿದ್ದನ್ನು ಸುರುಳಿ ಸುತ್ತಿ ಸೀಟಿನಡಿ ತುರುಕಿದ. ನಾನು ಬಳ್ಳಾರಿಗೆ ಬಿ.ಎಡ್. ಕಲಿಯಲು ಹೋಗುತ್ತಿದ್ದ ವರ್ಷ ಬೆಳಗಿನ ಬಸ್ಸು ತಪ್ಪಿದಾಗಲೆಲ್ಲ ಆ ಎಡಸೀಟೇ ನನಗೆ ಗತಿ. ಅಣ್ಣ ಎಡಗಡೆಗೆ ಸುತ್ತಿ ಬಂದು ಗಂಟು ಹಾಕಿ, ಮೂರು ಸಲ ಜಗ್ಗಿ ನೋಡಿ, "ಹಿಡ್ಕಂಡಿಯೇನ್ಲೇ ಪಾರಿ?" ಎಂದು ಕೇಳಿ, ನಾನು "ಹೂಂ" ಎಂದ ಮೇಲೆಯೇ ಗಾಡಿ ಬಿಡುತ್ತಿದ್ದ. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಹಗ್ಗ. ನಾನು ಓದಿದ ಮನಶ್ಶಾಸ್ತ್ರವೆಲ್ಲ ಭತ್ತದ ದೂಳಿನ ವಾಸನೆಯೊಂದಿಗೇ ತಲೆಗೆ ಇಳಿದದ್ದು.

ಹೋದ ವರ್ಷ ಆ ಲಾರಿಗೆ ನಿಜವಾಗಿಯೂ ವಯಸ್ಸಾಯಿತು. ದಾರಿಯಲ್ಲಿ ನಿಂತರೆ ಭತ್ತ ನೆನೆಯುತ್ತದೆಂದು ಮಿಲ್ಲಿನ ಸಾಹುಕಾರರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಸುಗ್ಗಿಯೊಳಗೆ ಹೊಸ ಗಾಡಿ ತಂದರೆ ಬಾಡಿಗೆ ನಿನಗೆ, ಇಲ್ಲವಾದರೆ ಬೇರೆಯವರಿಗೆ. ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದರು, ಕೂಡಿಟ್ಟದ್ದೂ ಸ್ವಲ್ಪ ಇತ್ತು. ಮುಂಗಡಕ್ಕೆ ಇನ್ನೂ ಬೇಕಾದದ್ದು ನಾಲ್ಕು ಲಕ್ಷ. ಹಳೆಯ ಲಾರಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟಾಗ ಅಷ್ಟು ಹುಟ್ಟಿದರೆ ಹೊಸ ಲಾರಿ, ಹುಟ್ಟದಿದ್ದರೆ ಐವತ್ತೆಂಟರ ವಯಸ್ಸಿನಲ್ಲಿ ಅಣ್ಣ ಮತ್ತೊಬ್ಬರ ಗಾಡಿಗೆ ಡ್ರೈವರ್. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. "ನೀನೂ ಬಾರಲೇ, ನಿನಗ ಬಾಯಿ ಐತಿ" ಎಂದಷ್ಟೇ ಅಂದ.

ಬಾಯಿ ಇರುವುದು ನಿಜ. ಬದನೆಕಾಯಿಯ ಗಾಡಿಯ ಮುಂದೆ ನಿಂತು ನಾನು ಮಾಡುವ ಚೌಕಾಸಿಗೆ ನನ್ನ ಗಂಡ ನಾಚಿ ಹತ್ತು ಹೆಜ್ಜೆ ದೂರ ನಿಲ್ಲುತ್ತಾರೆ. ಆದರೆ ಚೌಕಾಸಿಯಲ್ಲಿಯೂ ಘರಾಣೆಗಳಿವೆ ನೋಡಿ. ನನ್ನದು ಬಾಯಿಯದು, ಅಣ್ಣನದು ಬೆರಳಿನದು. ನಮ್ಮಪ್ಪ ಎತ್ತಿನ ವ್ಯಾಪಾರಿ. ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಒತ್ತಿಯೇ ಬೆಲೆ ಹೇಳಿ, ಒತ್ತಿಯೇ ಒಪ್ಪಿಕೊಂಡವನು. ಬೆಲೆ ಮುಚ್ಚಿಡಬೇಕು, ಐಬು ಮುಚ್ಚಿಡಬಾರದು ಎನ್ನುವುದು ಅವನ ಧರ್ಮ. ಹಾಯುವ ಎತ್ತನ್ನು ಹಾಯುತ್ತದೆ ಎಂದು ಹೇಳಿಯೇ ಮಾರಬೇಕು, ಏಕೆಂದರೆ ಅದು ಹೋಗುವ ಮನೆಯಲ್ಲಿಯೂ ಮಕ್ಕಳಿರುತ್ತವೆ. ಎತ್ತು ಮಾರಿದರೂ ಹಗ್ಗ ಮಾರಬಾರದು ಎನ್ನುವುದು ಅವನ ಇನ್ನೊಂದು ಕಟ್ಟಳೆ. ಹಗ್ಗ ಹೋದರೆ ಅದರ ಹಿಂದೆ ಮನೆಯ ಲಕ್ಷ್ಮಿಯೂ ಹೋದಾಳು.

ಬಳ್ಳಾರಿಯ ಲಾರಿ ಶೋರೂಮಿನಲ್ಲಿ ಕಾಲಿಟ್ಟರೆ ಜಾರುವಂಥ ನೆಲ, ಮೈ ನಡುಗಿಸುವಂಥ ಎ.ಸಿ. ಮ್ಯಾನೇಜರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗ, ಕೊರಳಿಗೆ ಟೈ. ಅವನು ಕೈಕುಲುಕಲು ಕೈ ಚಾಚಿದ್ದೇ ತಡ, ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಆ ಕೈಯ ಮೇಲೆ ಹೊದಿಸಿಯೇಬಿಟ್ಟ! ಒಳಗೆ ಬೆರಳು ಒತ್ತುತ್ತಿದ್ದಂತೆ ಹುಡುಗ ಬೆಚ್ಚಿ ನನ್ನ ಮುಖ ನೋಡಿದ. "ಏನಿಲ್ರಿ, ನಾಲ್ಕು ಲಕ್ಷ ಅನ್ನಾಕತ್ಯಾನ" ಎಂದು ನಾನು ಅನುವಾದ ಮಾಡಬೇಕಾಯಿತು.

ಹಳೆಯ ಲಾರಿಯ ಬೆಲೆ ಕಟ್ಟಲು ಬಂದವರು ಕೌಲ್ ಬಜಾರಿನ ಮಸ್ತಾನ್ ಸಾಬರು. ಇಲ್ಲಿ ಎಕ್ಸ್‌ಚೇಂಜಿಗೆ ಬಂದ ಗಾಡಿಗಳನ್ನು ಕೊನೆಗೆ ಕೊಂಡು, ರಿಪೇರಿ ಮಾಡಿ ಮಾರುವವರೂ ಅವರೇ. ಬಿಳಿ ಗಡ್ಡ, ಉಗುರಿನಲ್ಲಿ ಗ್ರೀಸು. ಅವರು ಟೈರು ಒತ್ತಿದರು, ಆಯಿಲ್ಲು ಮೂಸಿದರು, ಗೇಟಿನಾಚೆ ಒಂದು ಸುತ್ತು ಓಡಿಸಿಕೊಂಡು ಬಂದರು. ಕಾಗದದ ಮೇಲೆ ಮೂರು ಲಕ್ಷ ಅರವತ್ತು ಸಾವಿರ ಎಂದು ಬರೆದರು. ಅಂದರೆ ನಲವತ್ತು ಸಾವಿರ ಖೋತಾ.

ಆಗ ನಾನು ಸೆರಗು ಸಿಕ್ಕಿಸಿದೆ. ಡಿಸ್ಕೌಂಟು ಎಂಬ ಪದಾರ್ಥ ಶೋರೂಮಿನಲ್ಲಿ ಹಾಲಿನೊಳಗಿನ ಬೆಣ್ಣೆಯ ಹಾಗೆ, ಕಡೆಯದೆ ಮೇಲೆ ಬರುವುದಿಲ್ಲ. ಹಬ್ಬದ ರಿಯಾಯಿತಿ ಎಂದೆ, ತಿಂಗಳ ಕೊನೆ ಎಂದೆ, ಹೊಸಪೇಟೆಯ ಶೋರೂಮಿನಲ್ಲಿ ಕಡಿಮೆಗೆ ಕೊಡುತ್ತಾರಂತೆ ಎಂದು ಅಪ್ಪಟ ಸುಳ್ಳನ್ನೂ ಹೇಳಿದೆ. ಒಂದು ತಾಸಾದ ಮೇಲೆ ಹುಡುಗ ಟೈ ಸಡಿಲಿಸಿ, "ಆಯ್ತು ಮೇಡಂ, ನಮ್ಮ ಕಡೆಯಿಂದ ನಲವತ್ತು ಸಾವಿರ ಬಿಡ್ತೀನಿ, ಇನ್ನು ಸಾಕು" ಎಂದು ಕೈಮುಗಿದ. ಲೆಕ್ಕ ಸರಿಹೋಯಿತು! ನನ್ನ ಎದೆ ಹಿಗ್ಗಿತು. ಅವನು ಕಾಗದ ತಿರುಗಿಸಿ ಅಣ್ಣನ ಕೈಗೆ ಪೆನ್ನು ಕೊಟ್ಟ.

ಅಣ್ಣ ಪೆನ್ನು ಹಿಡಿದ. ಹಿಡಿದು ಕೆಳಗಿಟ್ಟ. ಅವನು ಏನು ಹೇಳಲಿದ್ದಾನೆಂದು ಗೊತ್ತಾಗಿ ನಾನು ಮೇಜಿನಡಿ ಅವನ ಕಾಲು ತುಳಿದೆ. ಅವನು ಕಾಲನ್ನು ಎಳೆದುಕೊಂಡ, ಮಾತನ್ನು ಎಳೆದುಕೊಳ್ಳಲಿಲ್ಲ.

"ತಮ್ಮಾ, ಒಂದು ಮಾತು ಹೇಳ್ಬೇಕು. ಮೂರನೇ ಗೇರು ನಿಲ್ಲಂಗಿಲ್ಲ. ಲೋಡ್ ಇದ್ದಾಗ ಇಳುಕಲಿನ್ಯಾಗ ಜಿಗಿದು ನ್ಯೂಟ್ರಲ್ ಆಕ್ಕೈತಿ. ನಾನು ಎಡ ಮೊಣಕಾಲಿಂದ ಒತ್ತಿ ಹಿಡಿತೀನಿ, ನನಗ ರೂಢಿ. ಗೊತ್ತಿಲ್ದವ ಓಡಿಸಿದ್ರ ಜೀವಕ್ಕ ಕುತ್ತು."

ಹುಡುಗ ಪೆನ್ನು ವಾಪಸು ತೆಗೆದುಕೊಂಡ. ಗೇರ್ ಬಾಕ್ಸ್ ಬಿಚ್ಚಬೇಕಾಗುತ್ತದೆ, ಹಾಗಾದರೆ ತಾನು ಬಿಟ್ಟ ನಲವತ್ತು ಇಲ್ಲ ಎಂದು ಬರೆದದ್ದನ್ನು ಹೊಡೆದುಹಾಕಿದ. ಅಣ್ಣ ಟವೆಲ್ಲು ಕೊಡವಿ ಎದ್ದುನಿಂತ. "ನಡಿ ಪಾರಿ, ಹೋಗಾಣು."

ಮರೆಮಾಚುವುದಿಲ್ಲ ಗೆಳೆಯರೇ, ಆ ಕ್ಷಣ ನನಗೆ ಅವನ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿಕೊಂಡನಲ್ಲ, ಹರಿಶ್ಚಂದ್ರನ ತುಂಡು! ಬೆಳಗ್ಗೆಯಿಂದ ಸಂಜೆಯವರೆಗೆ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕು ಎಂದು ಕಾಪಿ ಬರೆಸುವ ನಾನು ಸತ್ಯ ನುಡಿದವನ ಕಾಲು ತುಳಿದಿದ್ದೆ ಎನ್ನುವುದು ಹೊಳೆದದ್ದು ಆಮೇಲೆ.

ಅಷ್ಟರಲ್ಲಿ ಮಸ್ತಾನ್ ಸಾಬರು ಕುರ್ಚಿ ಎಳೆದುಕೊಂಡು ಕೂತರು. "ಕುಂದರ್ರಿ ಈರಣ್ಣ. ಗೇರು ಜಿಗಿಯೋದು ನನಗ ಓಡಿಸಿದಾಗ್ಲೇ ಗೊತ್ತಾತು, ಅದನ್ನ ಆಗ್ಲೇ ಮುರಕಂಡೀನಿ." ಆಮೇಲೆ ಹುಡುಗನ ಕಡೆ ತಿರುಗಿದರು. "ಸಾರ್, ನಾನು ಯಾರ ಗಾಡಿ ಬಂದ್ರೂ ಇನ್ನೊಂದು ನಲವತ್ತು ಮುರಿತೀನಿ. ನನ್ನ ಕಣ್ಣಿಗೆ ಬೀಳದಂಗ ಏನರ ಮುಚ್ಚಿಟ್ಟಿರ್ತಾರ, ಅದಕ್ಕಂತ. ಇವರು ಮುಚ್ಚಿಟ್ಟಿಲ್ಲ. ಆ ನಲವತ್ತು ನನಗ ಹರಾಮು."

ಹೇಳಿ, ಮತ್ತೆ ಕೂತ ಅಣ್ಣನ ಟವೆಲ್ಲನ್ನು ತಾವೇ ಎಳೆದು ಇಬ್ಬರ ಕೈಗಳ ಮೇಲೆ ಹಾಕಿದರು. ಒಳಗೆ ಏನೋ ಮಿಸುಕಿತು. ಅಣ್ಣನ ಕಣ್ಣು ತುಂಬಿದ್ದರಿಂದ ನನಗೆ ಗೊತ್ತಾಯಿತು: ಸಾಬರು ಒತ್ತಿದ್ದು ನಾಲ್ಕು ಬೆರಳು. ಹಾಗಾದರೆ ಹುಡುಗ ಹೊಡೆದುಹಾಕಿದ ಡಿಸ್ಕೌಂಟನ್ನೂ ಬಿಡಬಾರದೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಮೇಜಿನಡಿ ಯಾರೋ ನನ್ನ ಕಾಲು ತುಳಿದರು.

ಅಂದಿನಿಂದ ಯಾರನ್ನು ನೋಡಿದರೂ ಇದೇ ಯೋಚನೆ. ನಾವೆಲ್ಲ ಒಬ್ಬರಿಗೊಬ್ಬರು ಬೆಲೆ ಕಟ್ಟುವಾಗ, ಕಂಡ ಐಬಿಗಿಷ್ಟು, ಕಾಣದ ಐಬಿಗೆಂದು ಇನ್ನಷ್ಟು ಮುರಿದುಕೊಂಡೇ ಕಟ್ಟುತ್ತೇವಲ್ಲವೇ? ಸಂಬಂಧ ಕೂಡಿಸುವಾಗಲೂ ಅಷ್ಟೇ, ಸ್ನೇಹ ಬೆಳೆಸುವಾಗಲೂ ಅಷ್ಟೇ. ನನ್ನಲ್ಲಿಯೂ ಇಳುಕಲಿನಲ್ಲಿ ಜಿಗಿಯುವ ಗೇರೊಂದಿದೆ, ಅದರ ಹೆಸರು ಸಿಟ್ಟು. ನನ್ನ ಗಂಡ ಇಷ್ಟು ವರ್ಷ ಮಾತಿಲ್ಲದೆ ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದಿದ್ದಾರೆ. ಎಕ್ಸ್‌ಚೇಂಜಿಗೆ ಒಯ್ಯದೆ ಇಟ್ಟುಕೊಂಡಿದ್ದಾರಲ್ಲ, ಅದು ನನ್ನ ಪುಣ್ಯ.

ಲಾರಿ ಒಪ್ಪಿಸುವಾಗ ಅಣ್ಣ ಸ್ಟೆಪ್ನಿ, ಜಾಕು, ಟಾರ್ಪಾಲು ಎಲ್ಲ ಎಣಿಸಿ ಕೊಟ್ಟ. ಎಡಬಾಗಿಲಿನ ಹಗ್ಗ ಮಾತ್ರ ಬಿಚ್ಚಿಕೊಂಡ. ಸಾಬರು ಕೇಳಲಿಲ್ಲ, ನಕ್ಕರು. ದನದ ಸಂತೆ ಅವರಿಗೂ ಹೊಸದಲ್ಲ. ಅಣ್ಣ ಅದನ್ನು ತಂದು ನನ್ನ ಹಿತ್ತಲಲ್ಲಿ ಕಟ್ಟಿದ. ಆಗಲೇ ಒಂದು ಗೇಣು ಸಾಲದೆ ಬಂತು. "ಹದಿನಾರು ವರ್ಷ ಆತು, ಸವದೈತಿ" ಎಂದ. ಹಗ್ಗ ಸವೆದರೆ ತೆಳುವಾಗುತ್ತದೆ, ಗಿಡ್ಡವಾಗುತ್ತದೆಯೇ? ನಾನು ಅವತ್ತು ಯೋಚಿಸಲಿಲ್ಲ.

ಸುಗ್ಗಿಯ ಮೊದಲ ಬಾಡಿಗೆಗೆ ಹೊಸ ಲಾರಿ ಸಿರುಗುಪ್ಪಕ್ಕೆ ಹೊರಟ ಬೆಳಿಗ್ಗೆ ಅಣ್ಣ ನನ್ನನ್ನೂ ಹತ್ತಿಸಿಕೊಂಡ. ಎಡಬಾಗಿಲು ಒಂದು ಸಲ ತಳ್ಳಿದ್ದಕ್ಕೇ ಮೆತ್ತಗೆ ಕೂತಿತು. ಚಿಲಕ ಗಟ್ಟಿ, ಗಾಜು ಗುಂಡಿ ಒತ್ತಿದರೆ ಇಳಿಯುತ್ತದೆ. ಅಭ್ಯಾಸಬಲದಿಂದ ನನ್ನ ಕೈ ಪಕ್ಕಕ್ಕೆ ಹೋಯಿತು, ಅಲ್ಲಿ ಅದು ಸಿಕ್ಕಿತು. ಬಾಗಿಲ ಹಿಡಿಗೆ, ಯಾವ ಕೆಲಸಕ್ಕೂ ಬಾರದಂತೆ, ಗಟ್ಟಿಯಾಗಿ ಗಂಟು ಹಾಕಿ ಇಳಿಬಿಟ್ಟ ಒಂದು ಗೇಣು ಹಗ್ಗ.

ಅಣ್ಣ ಇನ್ನೂ ಗಾಡಿ ಬಿಟ್ಟಿರಲಿಲ್ಲ. ಮುಂದಿನ ರಸ್ತೆಯನ್ನೇ ನೋಡುತ್ತ ಕೇಳಿದ: "ಹಿಡ್ಕಂಡಿಯೇನ್ಲೇ ಪಾರಿ?"

ಆ ಗೇಣು ಹಗ್ಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ. "ಹೂಂ" ಎಂದೆ. ಇಲ್ಲದಿದ್ದರೆ ಅವನು ಗಾಡಿ ಬಿಡುವವನಲ್ಲ.