ಬಿದ್ದ ಕುರಿ ಎಬ್ಬಿಸುವ ಕೆಲಸ

ಬೈಲಹೊಂಗಲದಿಂದ ಯರಗಟ್ಟಿಗೆ ಆಗ ಬಸ್ ಚಾರ್ಜು ಒಂದು ರೂಪಾಯಿ ಚಿಲ್ಲರೆ. ಅಲ್ಲಿಯವರೆಗೆ ಪ್ರಯಾಣ ಸುಖವಾಗಿಯೇ ಆಯಿತು. ರಾಮದುರ್ಗದ ಆಚೆ ಸುರೇಬಾನದಲ್ಲಿದ್ದ ನನ್ನ ಅಕ್ಕ ಬಾಡೂಟಕ್ಕೆ ಕರೆದಿದ್ದಳು. ಮಟನ್ ಎಂದರೆ ಹೊಲಿಗೆ ಯಂತ್ರ ಬಿಟ್ಟು ಎದ್ದು ಹೊರಡುವ ಆಸಾಮಿ ನಾನು. ಯರಗಟ್ಟಿಯಲ್ಲಿ ಇಳಿದರೆ ರಾಮದುರ್ಗದ ಬಸ್ಸು ಕೆಟ್ಟು ನಿಂತಿತ್ತು, ಇನ್ನೊಂದು ಬರುವುದು ಸಂಜೆಗೇ ಎಂದರು. ಬಿಸಿಲು ನೆತ್ತಿ ಸುಡುತ್ತಿತ್ತು.

ಚಹಾದಂಗಡಿಯ ಮುಂದೆ ಕುರಿ ತುಂಬಿದ ಲಾರಿ ನಿಂತಿತ್ತು. ಡ್ರೈವರ್ ಹುಸೇನಸಾಬರು ರಾಮದುರ್ಗದ ಕಸಾಯಿಖಾನೆಗೆ ಹೊರಟಿದ್ದರು. ಹಿಂದೆ ಕುರಿಗಳ ಜೊತೆ ನಿಲ್ಲುವ ಆಳು ಜ್ವರವೆಂದು ಉಳಿದಿದ್ದನಂತೆ. ಅವನ ಕೆಲಸ ಮಾಡುವುದಾದರೆ ದುಡ್ಡು ಬೇಡ, ಹತ್ತಿಕೊಳ್ಳಿ ಎಂದರು. ಕೆಲಸ ಏನು ಎಂದು ಕೇಳಿದೆ.

"ಒಂದ ಕುರಿ ಬಿತ್ತಂದ್ರ ಉಳಿದವು ತುಳದು ಕೊಲ್ತಾವರಿ. ಸತ್ತದ್ದನ್ನ ಯಾರೂ ತಿನ್ನಂಗಿಲ್ಲ. ಬಿದ್ದದ್ದನ್ನ ಲಗೂನ ಎಬ್ಬಸ್ರಿ, ಅಷ್ಟ."

ಇದೇನು ಮಹಾ ಎಂದು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಕುರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಲಾರಿ ಕುಲುಕಿದಾಗಲೆಲ್ಲ ಒಂದಲ್ಲ ಒಂದು ಬೀಳುತ್ತಿತ್ತು. ನಾನು ಬಗ್ಗಿ, ಉಣ್ಣೆ ಹಿಡಿದು ಜಗ್ಗಿ ನಿಲ್ಲಿಸುತ್ತಿದ್ದೆ. ಕಣ್ಣು ಮೇಲೆ ಮಾಡಿ ಮಲಗಿಬಿಟ್ಟಿದ್ದನ್ನೂ ಬಿಡದೆ ಎಬ್ಬಿಸಿದೆ. ಅದಕ್ಕೆ ನೀರು ಬೇಕಾಗಿತ್ತು, ನನ್ನ ಬಳಿ ಇರಲಿಲ್ಲ.

ಕಟಕೋಳ ದಾಟಿದ ಮೇಲೆ ರಸ್ತೆ ಪೂರ್ತಿ ತಗ್ಗುದಿಣ್ಣೆ. ಬಗ್ಗಿದ್ದಾಗಲೇ ಲಾರಿ ಹಾರಿತು, ನಾನೇ ಬಿದ್ದೆ. ಬೆನ್ನಿನ ಮೇಲೆ, ಕುತ್ತಿಗೆಯ ಮೇಲೆ ಗೊರಸು ಬಿದ್ದವು. ಹಿಕ್ಕೆ, ಉಚ್ಚೆ ಬಾಯಿಗೆ ಬಂತು. ಕೂಗಿದೆ, ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಉಸಿರು ಸಿಗಲಿಲ್ಲ. ಅಂಥ ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಇಷ್ಟೇ ನನ್ನ ಆಯುಷ್ಯ ಎಂದುಕೊಂಡೆ. ನನ್ನನ್ನು ಎಬ್ಬಿಸಲು ಅಲ್ಲಿ ಯಾರೂ ಇರಲಿಲ್ಲ.

ತಡಕಾಡುವಾಗ ಕೈಗೆ ಒಂದು ಕೊಂಬು ಸಿಕ್ಕಿತು. ಕರಿ ಟಗರು. ಅದು ಬೆದರಿ ಕತ್ತು ಮೇಲಕ್ಕೆಳೆಯಿತು, ಅದರ ಜೊತೆ ನಾನೂ ಎದ್ದೆ. ಆಮೇಲೆ ರಾಮದುರ್ಗದವರೆಗೂ ಅದರ ಕುತ್ತಿಗೆ ತಬ್ಬಿಕೊಂಡೇ ನಿಂತೆ. ಅದರ ಎದೆ ಬಡಿತ ನನ್ನ ಪಕ್ಕೆಗೆ ತಾಗುತ್ತಿತ್ತು.

ಕಸಾಯಿಖಾನೆಯ ಅಂಗಳದಲ್ಲಿ ಲಾರಿ ನಿಂತಿತು, ಕುರಿ ಇಳಿಸಲು ಹಲಗೆ ಹಾಕಿದರು. ರಕ್ತದ ವಾಸನೆಗೆ ಒಂದು ಕುರಿಯೂ ಮುಂದೆ ಬರಲಿಲ್ಲ. ಒಮ್ಮೆ ನೆಲ ಸಿಕ್ಕರೆ ಸಾಕೆಂದು ನಾನು ಇಳಿದೆ. ಹಿಂದೆ ಟಪಟಪ ಸದ್ದಾಯಿತು. ಟಗರು ನನ್ನ ಹಿಂದೆಯೇ ಇಳಿಯುತ್ತಿತ್ತು, ಅದರ ಹಿಂದೆ ಉಳಿದವೆಲ್ಲ. ಒಳಗೆ ಮೊಳಕಾಲತನಕ ಒದ್ದೆಯಾಗಿದ್ದ ಇಬ್ಬರು ಬರಿಗಾಲಲ್ಲಿ ನಿಂತಿದ್ದರು. ಒಬ್ಬನ ಅಂಗೈಗೆ ಬಟ್ಟೆ ಸುತ್ತಿತ್ತು. ಅವರು ತಲೆ ಎತ್ತಿ ನೋಡಲಿಲ್ಲ.

ಆ ಟಗರೊಂದನ್ನು ಬಿಟ್ಟುಬಿಡಿ ಎಂದು ಹುಸೇನಸಾಬರ ಕೈ ಹಿಡಿದೆ. ಮಾಲು ಅವರದಲ್ಲ, ಸಾವುಕಾರರದು. ಹುಸೇನಸಾಬರು ನನ್ನನ್ನು ನೋಡಿ ನಗಲಿಲ್ಲ.

"ಹಿಂಗ ಬ್ಯಾರೆ ಬ್ಯಾರೆ ಮಾಡಿ ನೋಡಾಕ ಹೋಗಬ್ಯಾಡ್ರಿ," ಎಂದರು. "ನಾನೂ ಹಿಂದ ಹೊಳ್ಳಿ ನೋಡಂಗಿಲ್ಲ. ಒಂದೂ ಸತ್ತಿಲ್ಲ ನೋಡ್ರಿ, ಛಲೋ ಕೆಲಸ ಮಾಡೀರಿ."

ಸುರೇಬಾನದಲ್ಲಿ ಅಕ್ಕ ದೊಡ್ಡ ತುಂಡುಗಳನ್ನೇ ಆರಿಸಿ ಬಡಿಸಿದಳು. ನನ್ನ ಅಂಗಿಗೆ ಇನ್ನೂ ಕುರಿ ನಾತವಿತ್ತು. ಮೈಯಾಗ ಆರಾಮಿಲ್ಲೇನು ಎಂದು ಕೇಳಿದಳು. ಹೌದೆಂದು, ರೊಟ್ಟಿ ಉಳ್ಳಾಗಡ್ಡಿ ತಿಂದು ಎದ್ದೆ. ಅವಳಿಗೆ ಬೇಜಾರಾಯಿತು, ನನಗೂ ಆಯಿತು.

ಮರುದಿನ ಬಸ್ಸಿನಲ್ಲೇ ಹಿಂತಿರುಗಿದೆ. ಯರಗಟ್ಟಿ ಹತ್ತಿರವಾದಾಗ ಎದುರಿಗೆ ಅದೇ ಲಾರಿ ಬಂತು, ಮತ್ತೆ ತುಂಬಿತ್ತು. ಹಿಂದೆ ಕುರಿಗಳ ನಡುವೆ ತಲೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಬಡಕಲು ಮನುಷ್ಯ ನಿಂತಿದ್ದ. ಜ್ವರದ ಆಳು ಅವನೇ ಇರಬೇಕು. ನಮ್ಮನ್ನು ದಾಟುವಾಗ ಅವನು ಏನನ್ನೋ ಎಬ್ಬಿಸಲು ಬಗ್ಗಿದ. ನಾನು ಕಿಟಕಿಯಿಂದ ಕತ್ತು ಹೊರಹಾಕಿ, ಲಾರಿ ಧೂಳಿನಲ್ಲಿ ಮರೆಯಾಗುವವರೆಗೂ ನೋಡಿದೆ. ಅವನು ಎದ್ದದ್ದು ಕಾಣಲಿಲ್ಲ.